ನೀಲಿಯನ್ನು ಪಾಸು ಮಾಡುತ್ತಿದ್ದವರು

ದೀಪಾವಳಿಗೆ ಹನ್ನೊಂದು ದಿನ ಮುಂಚಿನ ಬುಧವಾರ ಬೆಳಿಗ್ಗೆ ಹತ್ತು ಗಂಟೆಯಿಂದ ಹತ್ತೂ ಮುಕ್ಕಾಲಿನವರೆಗೆ ನಾನು ತಿರುಪ್ಪೂರಿನ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ, ಉತ್ತರದ ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ ನಿಂತಿದ್ದೆ. ನನ್ನ ಎಡಕ್ಕೆ ಬಟ್ಟೆಯ ಬಣ್ಣ ನೋಡುವ ದೀಪದ ಪೆಟ್ಟಿಗೆ ಇತ್ತು. ಅದರ ಮುಂದೆ ಸ್ಟೂಲಿನ ಮೇಲೆ ರಾಮಲಿಂಗಣ್ಣ ಕೂತಿದ್ದರು. ಇಸ್ತ್ರಿ ಮೇಜಿನ ಪಕ್ಕದಲ್ಲಿ ಮಯಿಲಾತ್ತಾ ಕೈ ಕಟ್ಟಿಕೊಂಡು ನಿಂತಿದ್ದಳು. ಹೊರಗೆ ಸಣ್ಣ ಮಳೆ ಬರುತ್ತಿತ್ತು. ಬಾಗಿಲನ್ನು ನಾನೇ ಮುಚ್ಚಿದ್ದೆ. ಇಷ್ಟನ್ನು ಪ್ರಮಾಣ ಮಾಡಿ ಹೇಳಬಲ್ಲೆ. ಆ ಮುಕ್ಕಾಲು ಗಂಟೆಯ ಹಿಂದೆ ಮುಂದೆ ನಡೆದದ್ದನ್ನು ಆರು ವರ್ಷಗಳಿಂದ ಮನಸ್ಸಿನಲ್ಲೇ ಬರೆದು ಅಳಿಸಿ ಮಾಡಿದ್ದೇನೆ. ಎಲ್ಲಿ ನನಗೆ ಅನುಕೂಲವಾಗುವಂತೆ ತಿದ್ದಿಕೊಂಡಿದ್ದೇನೋ ಗೊತ್ತಿಲ್ಲ. ಹೋದ ತಿಂಗಳು ಕೆಲಸದ ಮೇಲೆ ಮತ್ತೆ ಆ ಗೇಟಿನೊಳಗೆ ಹೋದಾಗ, ಹಬೆಯಲ್ಲಿ ಬೇಯುವ ಹತ್ತಿಯ ವಾಸನೆ, ಅದರ ಮೇಲೆ ಆಸಿಡ್ಡಿನ ಹುಳಿ ವಾಸನೆ ಮೂಗಿಗೆ ಬಡಿದು ಕಾಲು ಅಲ್ಲೇ ನಿಂತಿತು. ಆದ್ದರಿಂದ ಈಗ ಬರೆದುಬಿಡುತ್ತಿದ್ದೇನೆ.

ನಾನು ದೊಡ್ಡಬಳ್ಳಾಪುರದವನು. ಜವಳಿ ರಸಾಯನ ಓದಿದವನು. ಆ ವರ್ಷ ವೈಕಾಸಿ ತಿಂಗಳಲ್ಲಿ, ಅಂದರೆ ಮೇ ಕೊನೆಯಲ್ಲಿ, ಇಪ್ಪತ್ತೆಂಟನೇ ವಯಸ್ಸಿಗೆ ಆ ಲ್ಯಾಬಿನ ಮುಖ್ಯಸ್ಥನಾಗಿ ಬಂದೆ. ಬಟ್ಟೆಗೆ ಬಣ್ಣ ಹಾಕುವ ಜಾಗವನ್ನು ಅಲ್ಲಿ ಸಾಯಪಟ್ಟರೆ ಎನ್ನುತ್ತಾರೆ. ಹೆಣೆದ ಬಿಳಿ ಬಟ್ಟೆ ಬಂದು ದೊಡ್ಡ ದೊಡ್ಡ ಮೆಷಿನ್ನುಗಳಲ್ಲಿ ಬಣ್ಣ ಕುಡಿಯುತ್ತದೆ. ಅದನ್ನು ಇಳಿಸುವ ಮುಂಚೆ ಅಂಗೈಯಗಲದ ಒಂದು ತುಂಡು ಕತ್ತರಿಸಿ, ತೊಳೆದು, ಇಸ್ತ್ರಿಯಲ್ಲಿ ಒಣಗಿಸಿ ಲ್ಯಾಬಿಗೆ ತರುತ್ತಾರೆ. ಆ ತುಂಡಿಗೆ ಬಿಟ್ ಎಂದು ಹೆಸರು. ಕೊಳ್ಳುವವರು ಒಪ್ಪಿ ಕಳಿಸಿದ ಮಾದರಿಯ ಪಕ್ಕದಲ್ಲಿ ಬಿಟ್ಟನ್ನು ಇಟ್ಟು ಒಬ್ಬರು ನೋಡಬೇಕು. ಎರಡೂ ಒಂದೇ ಅನ್ನಿಸಿದರೆ ಚೀಟಿಯ ಮೇಲೆ ಪಾಸ್ ಎಂದು ಬರೆದು ರುಜು ಹಾಕಬೇಕು. ಆ ರುಜು ಬೀಳದೆ ಯಾವ ಮೆಷಿನ್ನಿನ ಬಾಗಿಲೂ ತೆಗೆಯುವಂತಿಲ್ಲ. ಹತ್ತೊಂಬತ್ತು ವರ್ಷದಿಂದ ಆ ರುಜು ರಾಮಲಿಂಗಣ್ಣನದು.

ಅವರಿಗೆ ಆಗ ಐವತ್ತೆಂಟು. ಮಡತ್ತುಕುಳಂ ಹತ್ತಿರದ ಒಂದು ನೇಕಾರರ ಊರು. ತಲೆಮಾರುಗಳ ಹಿಂದೆಯೇ ಅಲ್ಲಿ ನೆಲೆಸಿದ ಕನ್ನಡದ ಮನೆತನ. ಎಂಟನೇ ಕ್ಲಾಸಿನವರೆಗೆ ತಮಿಳಿನಲ್ಲಿ ಓದಿ, ಮೂವತ್ತು ದಾಟುವವರೆಗೆ ಮಗ್ಗದಲ್ಲಿ ಕೂತು, ಆಮೇಲೆ ಸಾಯಪಟ್ಟರೆಗೆ ಬಂದವರು. ವಾರವೆಲ್ಲ ತಿರುಪ್ಪೂರಿನಲ್ಲಿ ಒಂದು ಕೋಣೆ, ಶನಿವಾರ ಸಂಜೆಯ ಬಸ್ಸಿಗೆ ಊರು. ನಾನು ಕನ್ನಡದವನೆಂದು ತಿಳಿದ ದಿನವೇ ಹತ್ತಿರ ಬಂದು, "ಮನೇಲಿ ನಾವೂ ಅದೇ ಪೇಸೋದುಂಗ ಸಾರ್. ಎಳುತ್ತು ಮಾತ್ರ ಬರಲ್ಲ" ಎಂದರು. ಮಾತು ನಮ್ಮದೇ, ಅಕ್ಷರ ಗೊತ್ತಿಲ್ಲ ಎಂದು ಅರ್ಥ. ರಾಗ ಪೂರ್ತಿ ಕೊಂಗುನಾಡಿನದು.

ಅದೇ ದಿನ ಅವರು ಎರಡು ಕಂದು ಬಿಟ್‌ಗಳನ್ನು ನನ್ನ ಮುಂದೆ ಇಟ್ಟರು.

"ಇದೆರಡೂ ಒಂದೇನುಂಗ ಸಾರ್?"

ಟ್ಯೂಬ್ ಲೈಟಿನ ಕೆಳಗೆ ಎರಡೂ ಒಂದೇ. ಹಾಗೆಂದೆ. ಅವರು ನನ್ನ ಮೊಣಕೈ ಹಿಡಿದು ಉತ್ತರದ ಬಾಗಿಲಿಗೆ ಕರೆದುಕೊಂಡು ಹೋದರು. ಬಿಸಿಲು ನೇರವಾಗಿ ಬೀಳದ ಬಾಗಿಲು ಅದೊಂದೇ. ಅಲ್ಲಿ ಒಂದು ತುಂಡು ಕೆಂಪಗೆ ತಿರುಗಿತು. ಹೊಸಬನನ್ನು ಎಲ್ಲರ ಮುಂದೆ ಪೆದ್ದ ಮಾಡುತ್ತಿದ್ದಾರೆ ಎಂದು ನನಗೆ ಸಿಟ್ಟು ಬಂತು.

"ಯಾಕೆ ಹಿಂಗಾಗ್ತದೆ ಸಾರ್?" ಎಂದರು ಅವರು. ಮುಖ ನೋಡಿದರೆ ತಮಾಷೆ ಇಲ್ಲ. "ಆಗ್ತದೆ ಅಂತ ಹತ್ತೊಂಬತ್ತು ವರ್ಷದಿಂದ ಗೊತ್ತು. ಯಾಕೆ ಅಂತ ಕೇಳಿದ್ರೆ ಎಲ್ಲರೂ, ನಿಂಗೆ ಎದುಕ್ಕೆ, ವೇಲೆ ನೋಡು ಅಂತಾರೆ." ವೇಲೆ ಎಂದರೆ ಕೆಲಸ.

ಕಾಲೇಜಿನಲ್ಲಿ ಇದು ಐದು ಅಂಕದ ಪ್ರಶ್ನೆ. ನಾನು ಎರಡು ಸಲ ಬರೆದು ಎರಡು ಸಲವೂ ಐದಕ್ಕೆ ಐದು ತೆಗೆದಿದ್ದೆ. ಬಾಯಿಪಾಠ ಒಪ್ಪಿಸಿದೆ. ಬೇರೆ ಬೇರೆ ಬಣ್ಣದ ಪುಡಿ ಬೆರೆಸಿ ಒಂದೇ ಕಂದು ಮಾಡಬಹುದು, ಒಂದು ಬೆಳಕಿನಲ್ಲಿ ಅವು ಒಂದಾಗಿ ಕಂಡರೂ ಇನ್ನೊಂದು ಬೆಳಕಿನಲ್ಲಿ ಬೇರೆಯಾಗುತ್ತವೆ ಎಂದು. ಅವರು ಕಣ್ಣು ಮುಚ್ಚಿ ಕೇಳಿ, "ಹಂಗಾದ್ರೆ ನಮ್ಮ ಕಣ್ಣು ಯಾವ ಬೆಳಕಿಗೆ ಅಂತ ಮಾಡಿದ್ದು?" ಎಂದರು. ಆ ಪ್ರಶ್ನೆ ನಮ್ಮ ಪುಸ್ತಕದಲ್ಲಿ ಇರಲಿಲ್ಲ.

ಹೀಗೆ ಶುರುವಾಯಿತು. ಹನ್ನೊಂದು ಗಂಟೆಗೆ ಟೀ ಬರುತ್ತಿತ್ತು. ಆ ಹದಿನೈದು ನಿಮಿಷ ರಾಮಲಿಂಗಣ್ಣ ನನ್ನ ಮೇಜಿನ ಎದುರು ಕೂತು ದಿನಕ್ಕೊಂದು ಪ್ರಶ್ನೆ ಕೇಳುತ್ತಿದ್ದರು. ಬಣ್ಣ ಅಳೆಯುವ ಯಂತ್ರವೊಂದು ನಮ್ಮಲ್ಲಿತ್ತು. ಅದು ತೆರೆಯ ಮೇಲೆ ಬೆಟ್ಟದ ಸಾಲಿನಂಥ ಗೆರೆ ಬರೆಯುತ್ತದೆ. ಆ ಗೆರೆ ಓದುವುದನ್ನು ಒಂದೂವರೆ ತಿಂಗಳಲ್ಲಿ ಕಲಿತರು. ಇಂಗ್ಲಿಷ್ ಪುಸ್ತಕವನ್ನು ನಾನು ಕನ್ನಡದಲ್ಲಿ ಹೇಳಬೇಕು, ಅವರು ತಮಿಳಿನಲ್ಲಿ ಬರೆದುಕೊಳ್ಳಬೇಕು. ಅವರ ಬಳಿ ಒಂದು ಉದ್ದ ನೋಟ್‌ಬುಕ್ ಇತ್ತು. ಒಂದೊಂದು ಲಾಟಿನಿಂದ, ಅಂದರೆ ಒಂದು ಸಲಕ್ಕೆ ಬಣ್ಣ ಹಾಕಿದ ಬಟ್ಟೆಯಿಂದ, ಒಂದು ಚಿಕ್ಕ ಚೂರು ಅಂಟಿಸಿ, ಪಕ್ಕದಲ್ಲಿ ಆ ದಿನದ ಮೋಡ, ಗಾಳಿ, ನೀರಿನ ಗಡಸು, ಇಸ್ತ್ರಿ ಹಾಕಿದವರು ಯಾರು, ಎಲ್ಲ ಬರೆದಿಡುತ್ತಿದ್ದರು. ಇಸ್ತ್ರಿ ಯಾಕೆ ಎಂದು ನಾನು ಕೇಳಿದ್ದೆ. ಬಿಸಿ ಬಟ್ಟೆಯಲ್ಲಿ ಕೆಲವು ನೀಲಿಗಳು ಬೇರೆಯಾಗಿ ಕಾಣುತ್ತವೆ, ಆರಿದ ಮೇಲೆ ಸರಿಹೋಗುತ್ತವೆ, ಯಾರ ಕೈಯಲ್ಲಿ ಎಷ್ಟು ಬಿಸಿ ಎಂದು ನೋಡಬೇಕು ಎಂದರು.

ಇಸ್ತ್ರಿ ಹಾಕುವವಳು ಮಯಿಲಾತ್ತಾ. ನಲವತ್ತು ವರ್ಷದವಳು, ಆನೈಮಲೈ ಕಡೆಯವಳು, ತಮಿಳಿನವಳು. ಲ್ಯಾಬಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದರೂ ಒಂದು ದಿನವೂ ಸ್ಟೂಲಿನ ಮೇಲೆ ಕೂತಿರಲಿಲ್ಲ. ಟೀ ಹೊತ್ತಿಗೆ ಬಾಯ್ಲರ್ ನೋಡಿಕೊಳ್ಳುವ ಪಳನಿಸಾಮಿ ಬರುತ್ತಿದ್ದ. ಅವನಿಗೆ ರಾಮಲಿಂಗಣ್ಣನನ್ನು ಕೆಣಕದೆ ಟೀ ಇಳಿಯುತ್ತಿರಲಿಲ್ಲ. ಮಯಿಲಾತ್ತಾ, ಪಳನಿಸಾಮಿ ಇಬ್ಬರ ಜೊತೆಗಿನ ತಮಿಳು ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಏನುಂಗ ಪ್ರೊಫೆಸರ್, ಇವತ್ತೇನು ಪಾಠ?"

"ಬಾಯ್ಲರ್ ಹಬೆ ಯಾಕೆ ಬೆಳ್ಳಗಿರ್ತದೆ ಅಂತ. ಹೇಳು ನೋಡೋಣ."

"ಅಯ್ಯೋ, ನನಗೆ ಬೇಡಪ್ಪ. ನನ್ನ ಬಾಯ್ಲರಿಗೆ ಸೇಫ್ಟಿ ವಾಲ್ವ್ ಇದೆ. ನಿಮ್ಮ ತಲೆಗೆ ಒಂದು ಹಾಕಿಸಿಕೊಳ್ಳಿ ಅಣ್ಣಾ, ಇಲ್ಲದಿದ್ರೆ ಒಡೆದು ಲ್ಯಾಬೆಲ್ಲ ಬಣ್ಣ ಆಗ್ತದೆ."

ಮಯಿಲಾತ್ತಾ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದಳು.

ಆಡಿ ತಿಂಗಳು, ಅಂದರೆ ಜುಲೈ ನಡುಭಾಗ, ಬಂತು. ಪಾಲಕ್ಕಾಡಿನ ಕಣಿವೆ ಕಡೆಯಿಂದ ಗಾಳಿ ಹಗಲೆಲ್ಲ ಬೀಸುತ್ತದೆ, ಮಳೆ ಮಾತ್ರ ಬೀಳುವುದಿಲ್ಲ. ಅಂಗಳದಲ್ಲಿ ಹತ್ತಿಯ ನಾರು ಹಾರುತ್ತಿತ್ತು. ಉತ್ತರದ ಬಾಗಿಲು ಪಟ್ಟೆಂದು ಬಡಿದುಕೊಳ್ಳದಂತೆ ಖಾಲಿ ಡ್ರಮ್ಮನ್ನು ಅಡ್ಡ ಇಡುತ್ತಿದ್ದರು. ಅಂಥ ಒಂದು ದಿನ ನಾನು ಅಂಚೆಯಲ್ಲಿ ಬಂದ ಒಂದು ಸರ್ಟಿಫಿಕೇಟನ್ನು ಫೈಲಿಗೆ ಹಾಕುತ್ತಿದ್ದೆ. ನನ್ನ ಬಳಿ ಅಂಥವು ಒಂಬತ್ತು ಇದ್ದವು. ರಾಮಲಿಂಗಣ್ಣ ಒಂದೊಂದನ್ನೂ ತಿರುಗಿಸಿ ನೋಡಿದರು.

"ಇದರಲ್ಲಿ ಏನು ಕಲಿತ್ರಿ ತಂಬಿ?" ಅಷ್ಟರಲ್ಲಿ ಸಾರ್ ಹೋಗಿ ತಂಬಿ ಆಗಿದ್ದೆ.

"ಕಾರ್ಖಾನೆಯ ಗುಣಮಟ್ಟ ನೋಡೋದು ಹೇಗೆ ಅಂತ. ಪ್ರಮೋಷನ್‌ಗೆ ಬೇಕು ಅಣ್ಣ."

"ಪ್ರಮೋಷನ್ ಬಂದ್ಮೇಲೆ?"

"ಬಂದ್ಮೇಲೆ ಮುಂದಿನದು ಮಾಡ್ತೀನಿ."

"ಅದಲ್ಲ ತಂಬಿ. ಪ್ರಮೋಷನ್ ಬಂದ್ಮೇಲೆ, ಕಲಿತದ್ದು ಎಲ್ಲಿ ಹೋಗ್ತದೆ?"

ನಾನು ನಕ್ಕೆ. ಅವರು ನಗಲಿಲ್ಲ. ನಿಜವಾಗಿ ಕೇಳಿದ್ದರು.

ಅವರಿಗೆ ಬೇಕಾದದ್ದು ಏನೂ ಇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬರುವ ತೈ ತಿಂಗಳಿನಿಂದ, ಅಂದರೆ ಜನವರಿ ನಡುವಿನಿಂದ, ಬಣ್ಣ ಪಾಸು ಮಾಡುವುದನ್ನೇ ಪ್ರತ್ಯೇಕ ವಿಭಾಗ ಮಾಡಿ ಅದಕ್ಕೆ ಅವರನ್ನೇ ಮುಖ್ಯಸ್ಥರನ್ನಾಗಿ ಮಾಡುತ್ತೇವೆ ಎಂದು ಮ್ಯಾನೇಜರ್ ಹೇಳಿದ್ದರು. ಯಂತ್ರದ ಗೆರೆ ಓದಲು ಬರುವವರೇ ಆ ಜಾಗಕ್ಕೆ ಬೇಕು. ಮಗ್ಗದಿಂದ ಬಂದವನೊಬ್ಬನ ಹೆಸರು ಬಾಗಿಲ ಮೇಲೆ ಬರುತ್ತದೆಂದು ಊರಿನಲ್ಲಿ ಹೇಳಿಕೊಂಡಿದ್ದರು. ಆದರೆ ಕಲಿಯಲು ಶುರು ಮಾಡಿದ್ದು ಆ ಮಾತು ಬರುವುದಕ್ಕೆ ಮುಂಚೆ. ಇದಕ್ಕೆ ನಾನೇ ಸಾಕ್ಷಿ.

ಪುರಟ್ಟಾಸಿಯಲ್ಲಿ, ಅಂದರೆ ಸೆಪ್ಟೆಂಬರಿನ ಕೊನೆಯಲ್ಲಿ, ಮಯಿಲಾತ್ತಾ ತಂಗಿಯ ಬಾಣಂತನಕ್ಕೆಂದು ಆನೈಮಲೈಗೆ ಹೋದಳು. ಹನ್ನೆರಡು ದಿನ ರಜೆ. ಇಸ್ತ್ರಿಗೆ ಬೇರೆ ವಿಭಾಗದಿಂದ ಒಬ್ಬಳನ್ನು ಕಳಿಸಿದರು. ಆ ಹನ್ನೆರಡು ದಿನಗಳಲ್ಲಿ ಪಾಸಾಗಿ ಹೋದ ಮೂರು ಲಾಟುಗಳು ಹೊಲಿಯುವವರಿಂದ ವಾಪಸು ಬಂದವು. ಮೂರೂ ನೀಲಿ. ಎರಡು ಕಡುನೀಲಿ, ಒಂದು ಸಮುದ್ರದ ಹಸಿರುನೀಲಿ. ಮಾದರಿಗೂ ಅವಕ್ಕೂ ವ್ಯತ್ಯಾಸ ನನಗೇ ಕಾಣುವಷ್ಟಿತ್ತು. ಒಂದೇ ಸಲ ಇಷ್ಟು ಲಾಟು ಹಿಂದೆಂದೂ ವಾಪಸು ಬಂದಿರಲಿಲ್ಲ.

ಮ್ಯಾನೇಜರ್ ಕೂಗಾಡಲಿಲ್ಲ. ವರ್ಷಕ್ಕೊಮ್ಮೆ ಆಗುತ್ತದೆ, ಬಿಡಿ ಎಂದರು. ಅಲ್ಲಿಗೆ ಮುಗಿಯಬಹುದಿತ್ತು. ಮುಗಿಸದೆ ಇದ್ದವರು ರಾಮಲಿಂಗಣ್ಣನೇ. ನೋಟ್‌ಬುಕ್ಕನ್ನು ಹಿಂದಕ್ಕೆ ತಿರುಗಿಸುತ್ತಾ ಹೋದರು. ಹಿಂದಿನ ವರ್ಷ ಅನುಮಾನದ ಮೇಲೆ ವಾಪಸು ಬಂದು, ಮಾತಾಡಿ ಸರಿಪಡಿಸಿದ ಎರಡು ಲಾಟುಗಳಿದ್ದವು. ಅವೂ ನೀಲಿ. ಆ ದಿನಗಳಲ್ಲೂ ಇಸ್ತ್ರಿಯ ಜಾಗದಲ್ಲಿ ಮಯಿಲಾತ್ತಾಳ ಹೆಸರು ಇರಲಿಲ್ಲ.

"ಇಸ್ತ್ರಿ ಬಿಸಿನೇ ಇರಬೇಕು" ಎಂದರು. ಆಕೆ ಮರಳಿ ಬಂದ ಮೇಲೆ ಪರೀಕ್ಷೆ ಮಾಡಿದರು. ಒಂದೇ ಬಿಟ್ಟನ್ನು ಅವಳ ಕೈಯಲ್ಲೂ ಇನ್ನೊಬ್ಬಳ ಕೈಯಲ್ಲೂ ಒಣಗಿಸಿ, ಎರಡನ್ನೂ ಪೂರ್ತಿ ಆರಲು ಬಿಟ್ಟು, ಯಂತ್ರಕ್ಕೆ ಇಟ್ಟರು. ಗೆರೆಗಳು ಒಂದರ ಮೇಲೊಂದು ಕೂತವು. ಇಸ್ತ್ರಿಯ ತಪ್ಪಲ್ಲ. ಅವರ ಮುಖದಲ್ಲಿ ಆಗ ನಾನು ಕಂಡದ್ದು ಬೇಸರವಲ್ಲ, ಖುಷಿ. ಒಂದು ದಾರಿ ಮುಚ್ಚಿತು, ಇನ್ನು ಬೇರೆ ದಾರಿ ಹುಡುಕಬೇಕು ಎನ್ನುವವನ ಖುಷಿ.

ಆಮೇಲೆ ಮಯಿಲಾತ್ತಾಳನ್ನು ಕರೆದು ಕೇಳಿದರು. "ಅಮ್ಮಣಿ, ನೀನು ಇದ್ದಾಗ ಏನು ಬೇರೆ ನಡೀತದೆ ಇಲ್ಲಿ? ಯೋಚನೆ ಮಾಡಿ ಹೇಳು."

ಅವಳು ಹೆದರಿದಳು. "ನಾನೇನು ಮಾಡಿದೆ ಅಣ್ಣಾ?"

"ಏನೂ ಮಾಡಿಲ್ಲ. ಸುಮ್ಮನೆ ಹೇಳು. ನಾನು ಬಿಟ್ ನೋಡ್ತೀನಿ. ಆಮೇಲೆ?"

"ಆಮೇಲೆ ನನ್ನ ಮುಖ ನೋಡ್ತೀರಿ."

"ನಿನ್ನ ಮುಖ ಯಾಕೆ ನೋಡ್ತೀನಿ?"

"ನನಗೇನು ಗೊತ್ತು? ಎರಡು ವರ್ಷದಿಂದ ನೋಡ್ತೀರಿ. ನೀಲಿ ಬಂದಾಗ ಮಾತ್ರ. ದೊಡ್ಡವರು ಕೇಳ್ತಾ ಇದ್ದೀರಿ, ಬಾಯಿಬಿಟ್ಟು ಹೇಳಿದ್ರೆ ಮರ್ಯಾದೆ ಅಲ್ಲ ಅಂತ, ಸರಿ ಇದ್ರೆ ಹೀಗೆ ಮಾಡ್ತೀನಿ." ಗಲ್ಲವನ್ನು ಒಂದಿಷ್ಟು ಎತ್ತಿ ತೋರಿಸಿದಳು. "ಇಲ್ಲದಿದ್ರೆ ಇಸ್ತ್ರಿ ಕಡೆ ತಿರುಗ್ತೀನಿ."

ಅವರು ಹಾಗೆ ಅವಳ ಮುಖ ನೋಡುತ್ತಿದ್ದದ್ದು ಅವರಿಗೇ ಗೊತ್ತಿರಲಿಲ್ಲ. ಇದನ್ನು ನಾನು ನಂಬುತ್ತೇನೆ. ಗೊತ್ತಿದ್ದಿದ್ದರೆ ಅವರು ಕೇಳುತ್ತಲೇ ಇರಲಿಲ್ಲ.

ಮಾರನೆಯ ದಿನದ ಟೀ ಹೊತ್ತಿನ ಪ್ರಶ್ನೆ ಇದು: "ತಂಬಿ, ಬಿಳಿ ಬಟ್ಟೆ ಗೋಡೌನಲ್ಲಿ ತುಂಬ ದಿನ ಇಟ್ರೆ ಹಳದಿ ತಿರುಗ್ತದಲ್ಲ. ಕಣ್ಣಿನ ಒಳಗೂ ಹಂಗಾಗ್ತದಾ?"

ಪುಸ್ತಕ ತೆಗೆದು ಓದಿ ಹೇಳಿದೆ. ಆಗುತ್ತದೆ. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರ ಹಳದಿಯಾಗುತ್ತದೆ. ಹಳದಿ ಗಾಜಿನ ಹಿಂದೆ ಕೂತವನಿಗೆ ಮೊದಲು ಕೈಬಿಡುವುದು ನೀಲಿ. ತುಂಬ ನಿಧಾನವಾಗಿ ಆಗುವುದರಿಂದ ಅವನಿಗೆ ತಿಳಿಯುವುದಿಲ್ಲ.

"ತಿಳಿಯೋದಕ್ಕೆ ಪರೀಕ್ಷೆ ಉಂಟಾ?"

ಉಂಟು ಎಂದೆ. ಇಲ್ಲಿ ನಾನು ಎಚ್ಚರದಿಂದ ಬರೆಯಬೇಕು. ಆ ಪರೀಕ್ಷೆಯ ಪೆಟ್ಟಿಗೆಗಳು ಕೊಯಮತ್ತೂರಿನ ಒಂದು ಕಾಲೇಜಿನಲ್ಲಿದ್ದವು. ಪರಿಚಯದವರ ಮೂಲಕ ನಾಲ್ಕು ದಿನಕ್ಕೆಂದು ತಂದೆ. ಅವರ ಕುತೂಹಲಕ್ಕಾಗಿ ತಂದೆ ಎಂದೇ ಬಹಳ ಕಾಲ ನನಗೆ ನಾನು ಹೇಳಿಕೊಂಡಿದ್ದೆ. ಆದರೆ ಮುಂದಿನ ವಾರ ವಿದೇಶದಿಂದ ಕೊಳ್ಳುವವರ ಕಡೆಯ ತಪಾಸಣೆಯವರು ಬರುವುದಿತ್ತು. ಬಣ್ಣ ಪಾಸು ಮಾಡುವವರ ಕಣ್ಣಿನ ಪರೀಕ್ಷೆಯ ಹಾಳೆ ಫೈಲಿನಲ್ಲಿ ಇರಬೇಕು ಎಂಬ ನಿಯಮವಿತ್ತು. ನಮ್ಮಲ್ಲಿ ಪ್ರತಿ ವರ್ಷ ಪರೀಕ್ಷೆಯನ್ನೇ ಮಾಡದೆ, ಎಲ್ಲ ಸರಿಯಾಗಿದೆ ಎಂದು ಟೈಪು ಮಾಡಿ ಇಡುತ್ತಿದ್ದರು. ನಿಜವಾದ ಪರೀಕ್ಷೆ, ನಿಜವಾದ ಅಂಕ, ನನ್ನ ರುಜು ಇದ್ದ ಹಾಳೆ ಇದ್ದರೆ ನನಗೆ ಹೆಸರು ಬರುತ್ತಿತ್ತು. ಎರಡೂ ಕಾರಣ ಇದ್ದವು. ಯಾವುದು ಎಷ್ಟು ಎಂದು ಅಳೆಯುವ ಯಂತ್ರ ನನ್ನ ಬಳಿ ಇಲ್ಲ.

ಆ ಬುಧವಾರ ಬಂತು. ನಾಲ್ಕು ಉದ್ದನೆಯ ಮರದ ತಟ್ಟೆಗಳು. ಒಂದೊಂದರಲ್ಲೂ ಸಾಲಾಗಿ ಬಣ್ಣದ ಬಿಲ್ಲೆಗಳು, ಒಂದಕ್ಕೂ ಮುಂದಿನದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ. ಕಲಸಿ ಕೊಡಬೇಕು, ನೋಡುವವರು ಸರಿಯಾದ ಕ್ರಮಕ್ಕೆ ಜೋಡಿಸಬೇಕು. ಬಿಲ್ಲೆಯ ತಳದಲ್ಲಿ ನಂಬರ್ ಇರುತ್ತದೆ. ಕೆಂಪಿನ ತಟ್ಟೆಯನ್ನು ರಾಮಲಿಂಗಣ್ಣ ಎಂಟು ನಿಮಿಷದಲ್ಲಿ ಮುಗಿಸಿದರು. ಒಂದೂ ತಪ್ಪಿಲ್ಲ. ಆಮೇಲಿನ ತಟ್ಟೆ, ಹಳದಿಯಿಂದ ಹಸಿರಿಗೆ ಹೋಗುವುದು, ಒಂದೇ ಜಾಗದಲ್ಲಿ ಅದಲುಬದಲು. ಹಸಿರಿನಿಂದ ನೀಲಿಗೆ ಹೋಗುವ ತಟ್ಟೆಯಲ್ಲಿ ಅವರ ಬೆರಳು ನಿಧಾನವಾಯಿತು. ಒಂದು ಬಿಲ್ಲೆಯನ್ನು ಎತ್ತಿ, ಇಟ್ಟು, ಮತ್ತೆ ಎತ್ತಿದರು. ಒಂದು ಸಲ ತಲೆಯೆತ್ತಿ ಮಯಿಲಾತ್ತಾಳ ಕಡೆ ನೋಡಿದರು. ಅವಳು ತಕ್ಷಣ ಗೋಡೆಯ ಕಡೆ ತಿರುಗಿಕೊಂಡಳು. ಆಮೇಲೆ ಅವರು ತಲೆಯೆತ್ತಲಿಲ್ಲ.

ನಾಲ್ಕೂ ಮುಗಿದ ಮೇಲೆ ಬಿಲ್ಲೆಗಳನ್ನು ಅವರೇ ತಿರುಗಿಸಿದರು. ನಾನು ನಂಬರ್ ಓದಿದೆ, ಅವರು ವೃತ್ತದ ಹಾಳೆಯ ಮೇಲೆ ಚುಕ್ಕೆ ಇಟ್ಟು ಗೆರೆ ಎಳೆದರು. ಜೋಡಣೆ ತಪ್ಪಿದಷ್ಟೂ ಚುಕ್ಕೆ ವೃತ್ತದಿಂದ ಹೊರಕ್ಕೆ ಬೀಳುತ್ತದೆ. ಆ ಹಾಳೆ ಓದುವುದನ್ನೂ ಹಿಂದಿನ ದಿನ ನಾನೇ ಕಲಿಸಿದ್ದೆ. ಕೆಂಪು ಬದಿಯಲ್ಲಿ ಗೆರೆ ಗುಂಡಗೆ ಹೋಗಿತ್ತು. ನೀಲಿಯ ಬದಿಯಲ್ಲಿ ಉಬ್ಬಿ ಹೊರಗೆ ಬಂದಿತ್ತು. ನಾನು ಬಾಯಿ ತೆರೆಯುವ ಮುಂಚೆಯೇ ಅವರಿಗೆ ಅರ್ಥವಾಗಿತ್ತು.

"ಇವತ್ತು ಮಳೆ ಅಣ್ಣ. ಬೆಳಕು ಸರಿಯಿಲ್ಲ ಅಂತ ಬರೆಯೋಣ" ಎಂದೆ.

"ದೀಪದ ಪೆಟ್ಟಿಗೆ ಒಳಗೆ ಮಳೆ ಬರ್ತದಾ ತಂಬಿ?"

"ಹಾಗಾದ್ರೆ ಈ ಹಾಳೆ ಬೇಡ. ಹರಿದುಹಾಕ್ತೀನಿ."

"ಹರಿದ್ರೆ ನನ್ನ ಕಣ್ಣು ಸರಿ ಹೋಗ್ತದಾ?" ಎಂದರು. ದನಿ ಎಂದಿನಂತೆಯೇ ಇತ್ತು. ಕೈ ಮಾತ್ರ ಆ ಹಾಳೆಯ ಅಂಚನ್ನು ಸವರುತ್ತಿತ್ತು, ಬಟ್ಟೆಯ ಅಂಚು ನೋಡುವ ಹಾಗೆ. "ಎರಡು ವರ್ಷದ ನೀಲಿಯೆಲ್ಲ ಈ ಅಮ್ಮಣಿ ಪಾಸು ಮಾಡಿದ್ದು. ರುಜು ಮಾತ್ರ ನಂದು." ಆಮೇಲೆ ಎದ್ದು ಸ್ಟೂಲನ್ನು ಅವಳ ಕಡೆ ತಳ್ಳಿದರು. "ಬಾ, ಕೂತ್ಕೋ."

"ನಾನಾ? ನಾನು ಐದನೇ ಕ್ಲಾಸು ಅಣ್ಣಾ!"

"ಬಿಲ್ಲೆ ಜೋಡಿಸೋದಕ್ಕೆ ಸ್ಕೂಲು ಬೇಕಾ? ಕೂತ್ಕೋ ಅಂದ್ನಲ್ಲ."

ಅವಳು ಅಳುತ್ತಲೇ ಜೋಡಿಸಿದಳು. ನಾಲ್ಕೂ ತಟ್ಟೆ ಸೇರಿ ಎರಡು ಬಿಲ್ಲೆ ತಪ್ಪಿದ್ದವು. ನನಗೆ ಅದೇ ವಾರ ಹನ್ನೊಂದು ತಪ್ಪಿದ್ದವು. ರಾಮಲಿಂಗಣ್ಣ ಜೋರಾಗಿ ಕೈ ತಟ್ಟಿದರು. ಆ ಚಪ್ಪಾಳೆಗೆ ಟೀ ತಗೊಂಡು ಬರುತ್ತಿದ್ದ ಪಳನಿಸಾಮಿ ಬಾಗಿಲಲ್ಲೇ ನಿಂತು, "ಯಾರಿಗೆ ಮದುವೆ?" ಎಂದ.

ಹಾಳೆಯನ್ನು ನಾನು ಹರಿಯಲಿಲ್ಲ. ಅವರು ಬೇಡ ಎಂದದ್ದರಿಂದ ಹರಿಯಲಿಲ್ಲ ಎಂದು ಹೇಳಬಹುದು. ಆದರೆ ಹರಿಯದೆ ಇಡುವುದು ಬೇರೆ, ಫೈಲಿಗೆ ಹಾಕುವುದು ಬೇರೆ. ಮೊದಲು ಮ್ಯಾನೇಜರ ಬಳಿ ಹೋಗಿ, ಕಣ್ಣಿನ ಡಾಕ್ಟರಿಗೆ ತೋರಿಸಿ ಬರಲಿ, ಒಂದೆರಡು ತಿಂಗಳು ನೀಲಿಯನ್ನು ಮಾತ್ರ ಮಯಿಲಾತ್ತಾ ನೋಡಲಿ, ಉಳಿದದ್ದನ್ನು ಇವರೇ ನೋಡಲಿ ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ಹೊಳೆಯಲಿಲ್ಲವೋ, ಹೊಳೆದು ಬಿಟ್ಟೆನೋ, ನೆನಪಿಲ್ಲ. ಹಾಳೆಯನ್ನು ಫೈಲಿನಲ್ಲಿ ಹಾಕಿದೆ. ತಪಾಸಣೆಯವರು ಅದನ್ನು ನೋಡಿ, ನಿಜವಾದ ಪರೀಕ್ಷೆ ಮಾಡಿದ ಕಾರ್ಖಾನೆ ಎಂದು ಮೆಚ್ಚಿದರು. ಅದೇ ಹಾಳೆ ನೋಡಿದ ಮೇಲೆ ಈ ಮನುಷ್ಯನ ರುಜು ಇನ್ನು ಒಂದು ದಿನವೂ ನಡೆಯದು ಎಂದರು. ದೀಪಾವಳಿಗೆ ನಾಲ್ಕು ದಿನ ಇರುವಾಗ ರಾಮಲಿಂಗಣ್ಣನನ್ನು ಬಿಳಿ ಬಟ್ಟೆಯ ಗೋಡೌನಿಗೆ ಹಾಕಿದರು. ಬಣ್ಣವೇ ಇಲ್ಲದ ಜಾಗ. ಮಯಿಲಾತ್ತಾಳಿಗೆ ಪಾಸು ಮಾಡುವ ಕೆಲಸ ಕೊಟ್ಟರು. ನನಗೆ ಕೊಯಮತ್ತೂರಿನ ಮುಖ್ಯ ಕಚೇರಿಗೆ ಬಡ್ತಿ ಬಂತು.

ಕಾರ್ತಿಕೈಯಲ್ಲಿ, ಅಂದರೆ ನವೆಂಬರ್ ಕೊನೆಯಲ್ಲಿ, ಅವರು ಕಣ್ಣಾಸ್ಪತ್ರೆಗೆ ಹೋದರು. ಪೊರೆ ತೆಗೆದು ಹೊಸ ಮಸೂರ ಹಾಕಿದರೆ ನೀಲಿ ಮರಳಿ ಕಾಣುತ್ತದೆ ಎಂದರಂತೆ ಡಾಕ್ಟರು. ಆಗ ನನಗೆ ಬಂದ ಮೊದಲ ಫೋನಿನ ಒಂದೊಂದು ಮಾತೂ ನೆನಪಿದೆ.

"ತಂಬಿ, ಒಂದೇ ಕಣ್ಣು ಮಾಡಿಸಿದೆ. ಇನ್ನೊಂದು ಹಳೇದು ಹಂಗೇ ಇರ್ಲಿ ಅಂದೆ. ಡಾಕ್ಟರ್ ಬೈದರು. ಆದ್ರೆ ಎರಡೂ ಒಟ್ಟಿಗೆ ಹೊಸದಾದ್ರೆ ಪಕ್ಕ ಪಕ್ಕ ಇಟ್ಟು ನೋಡೋದು ಹೆಂಗೆ? ಈಗ ಒಂದು ಮುಚ್ಚಿ ಒಂದು ತೆಗೆದು ನೋಡ್ತಾ ಇದ್ದೀನಿ. ಅಯ್ಯೋ ತಂಬಿ, ಆಕಾಶ ನೋಡಿದೆ. ನಾನು ಏನೇನನ್ನೆಲ್ಲ ಪಾಸು ಮಾಡಿಬಿಟ್ಟಿದ್ದೆ!"

ನಗುತ್ತಿದ್ದರು. ಆಮೇಲೆ ನಿಧಾನವಾಗಿ, ಆ ಬಿಲ್ಲೆಗಳ ಪೆಟ್ಟಿಗೆ ಇನ್ನೊಂದು ಸಲ ಸಿಗುವುದೇ ಎಂದು ಕೇಳಿದರು. ಹೊಸ ಹಾಳೆ, ಅದರ ಕೆಳಗೆ ನನ್ನ ರುಜು ಇದ್ದರೆ ಮ್ಯಾನೇಜರ್ ಮತ್ತೆ ಲ್ಯಾಬಿಗೆ ತಗೊಳ್ಳುತ್ತೇನೆ ಎಂದಿದ್ದರಂತೆ. ತರುತ್ತೇನೆ ಎಂದೆ. ಕಾಲೇಜು ನನ್ನ ಕಚೇರಿಯಿಂದ ಇಪ್ಪತ್ತು ನಿಮಿಷದ ದಾರಿ. ಆದರೆ ಆ ಮಾರ್ಗಳಿಯಲ್ಲಿ, ಅಂದರೆ ಡಿಸೆಂಬರ್ ಕೊನೆಯಲ್ಲಿ, ನಾನು ಹತ್ತನೇ ಸರ್ಟಿಫಿಕೇಟಿನ ಪರೀಕ್ಷೆಗೆ ಓದುತ್ತಿದ್ದೆ. ಎರಡನೇ ಸಲ ಅವರು ಫೋನ್ ಮಾಡಿದಾಗ, ಪೊಂಗಲ್ ಕಳೆಯಲಿ ಅಣ್ಣ, ಓದ್ತಾ ಇದ್ದೀನಿ ಎಂದೆ. "ಓದಿ ತಂಬಿ, ಓದಿ. ಓದೋರನ್ನ ಎಬ್ಬಿಸಬಾರದು" ಎಂದು ಇಟ್ಟುಬಿಟ್ಟರು. ಮೂರನೆಯದು ಪೊಂಗಲ್ ಕಳೆದ ಮೊದಲ ಶನಿವಾರ ಮಧ್ಯಾಹ್ನ ಬಂತು. ನಾನು ಪರೀಕ್ಷೆಯ ತರಗತಿಯಲ್ಲಿದ್ದೆ. ಎತ್ತಲಿಲ್ಲ. ತಿರುಗಿ ಮಾಡಲೂ ಇಲ್ಲ.

ಆ ಪರೀಕ್ಷೆಯಲ್ಲಿ ನಾನು ಪಾಸಾದೆ. ಅದರಲ್ಲಿ ಏನಿತ್ತು ಎಂದು ಈಗ ಕೇಳಿದರೆ ಹೇಳಲು ಬರುವುದಿಲ್ಲ.

ಆ ಮೂರನೇ ಫೋನಾದ ಎರಡನೇ ಭಾನುವಾರ ಬೆಳಿಗ್ಗೆ, ಊರಿನ ಮನೆಯಲ್ಲಿ, ರಾಮಲಿಂಗಣ್ಣನಿಗೆ ಎದೆನೋವು ಬಂತು. ಉಡುಮಲೈಯ ಆಸ್ಪತ್ರೆ ತಲುಪುವ ಮುಂಚೆ ಹೋದರು. ನನಗೆ ಸುದ್ದಿ ತಿಳಿದದ್ದು ಮಂಗಳವಾರ.

ಹೋದ ತಿಂಗಳು ನಾನು ಆ ಲ್ಯಾಬಿಗೆ ಹೋದದ್ದು ತಪಾಸಣೆಯವನಾಗಿ. ಈಗ ಫೈಲುಗಳನ್ನು ನೋಡುವವನು ನಾನು. ಪಾಸಿನ ಚೀಟಿಗಳಲ್ಲೆಲ್ಲ ತಮಿಳಿನಲ್ಲಿ ಮಯಿಲಾತ್ತಾಳ ರುಜು. ಅವಳ ಕೂದಲು ನರೆತಿತ್ತು. ನನ್ನನ್ನು ನೋಡಿ ಬನ್ನಿ ಎಂದಳು, ಕೂರಿಸಿದಳು, ಟೀ ತರಿಸಿದಳು. ನಾನು ಬಹಳ ಹೊತ್ತು ಫೈಲು ತಿರುಗಿಸಿ, ಕೊನೆಗೆ, ಅವರಿಗೆ ಇನ್ನೊಂದು ಸಲ ಪರೀಕ್ಷೆ ಮಾಡಿಸಬೇಕಿತ್ತು, ನನ್ನಿಂದ ತಪ್ಪಾಯಿತು ಎಂದೆ.

"ಪರೀಕ್ಷೆ ಆಯಿತಲ್ಲ ಸಾರ್" ಎಂದಳು. "ನಿಮಗೆ ಅಣ್ಣ ಹೇಳಲಿಲ್ಲವಾ? ಅದನ್ನು ಹೇಳೋಕೆ ಅಂತಲೇ ಇಲ್ಲಿಂದ ನಿಮಗೆ ಫೋನ್ ಮಾಡಿದ್ರು."

ಆಮೇಲೆ ಹೇಳಿದಳು. ನಾನು ಪೆಟ್ಟಿಗೆ ತರುವುದಿಲ್ಲ ಎಂದು ಅವಳಿಗೆ ಮಾರ್ಗಳಿಯಲ್ಲೇ ಖಾತ್ರಿಯಾಗಿತ್ತಂತೆ. ಇಪ್ಪತ್ತು ದಿನ, ಬಂದ ನೀಲಿ ಲಾಟುಗಳಿಂದೆಲ್ಲ ಒಂದೊಂದು ಚೂರು ಕತ್ತರಿಸಿ ಕೂಡಿಟ್ಟಳು. ಹಸಿರಿನಿಂದ ಕಡುನೀಲಿಯವರೆಗೆ ಮೂವತ್ತು ಚೂರು ಆಯ್ದು, ಯಂತ್ರದ ಗೆರೆ ನೋಡಿ ಕ್ರಮ ಹಾಕಿದಳು. ಗೆರೆ ನೋಡುವುದನ್ನು ಅವಳಿಗೆ ಕಲಿಸಿದ್ದವರು ಗೋಡೌನಿನಿಂದ ಟೀ ಹೊತ್ತಿಗೆ ಬರುತ್ತಿದ್ದ ಅವರೇ. ಚೂರುಗಳನ್ನು ರಟ್ಟಿಗೆ ಅಂಟಿಸಿ ಹಿಂದೆ ನಂಬರ್ ಬರೆದಳು. ಪೊಂಗಲ್ ಕಳೆದ ಮೊದಲ ಶನಿವಾರ, ಊಟದ ಬಿಡುವಿನಲ್ಲಿ, ಉತ್ತರದ ಬಾಗಿಲಲ್ಲಿ ಬಿಳಿ ಪಂಚೆ ಹಾಸಿ ಅವರನ್ನು ಕೂರಿಸಿ, ಕಲಸಿ ಮುಂದಿಟ್ಟಳು. ಹಳೆಯ ಕಣ್ಣಿಗೆ ಅಂಗೈ ಮುಚ್ಚಿಕೊಂಡು, ಹೊಸ ಕಣ್ಣೊಂದರಲ್ಲೇ ಜೋಡಿಸಿದರು. ಒಂದು ಸಲವೂ ಅವಳ ಮುಖ ನೋಡಲಿಲ್ಲ.

ಮೂವತ್ತಕ್ಕೆ ಮೂವತ್ತು ಸರಿ ಇದ್ದವು.

ಕಾಗದವಿಲ್ಲದ ಪರೀಕ್ಷೆ ಲೆಕ್ಕಕ್ಕಿಲ್ಲ ಎಂದರಂತೆ ಮ್ಯಾನೇಜರ್. ಅವರು ಕೇಳಿದ್ದು ನನ್ನ ರುಜುವನ್ನು. ನಾನು ಅಲ್ಲಿರಲಿಲ್ಲ. ಆ ಪರೀಕ್ಷೆಯನ್ನು ಕಣ್ಣಾರೆ ಕಂಡವರು ಇಬ್ಬರು. ಒಬ್ಬಳು ಮಯಿಲಾತ್ತಾ. ಇನ್ನೊಬ್ಬ, ಟೀ ಲೋಟ ಹಿಡಿದು ಪಕ್ಕದಲ್ಲೇ ನಿಂತು, ರಟ್ಟುಗಳನ್ನು ಒಂದೊಂದಾಗಿ ತಿರುಗಿಸಿ ನಂಬರ್ ಕೂಗಿದ ಬಾಯ್ಲರ್ ಪಳನಿಸಾಮಿ. ಇಬ್ಬರೂ ಇದ್ದಾರೆ, ಅದೇ ಸಾಯಪಟ್ಟರೆಯಲ್ಲಿ.